ಉಪ್ಪಳಕ್ಕೆ ಹೇಳಿರಲಿಲ್ಲ

ನಾಲ್ಕು ಸರ್ವರು, ನಾಲ್ಕಕ್ಕೂ ಹೊಳೆಯ ಹೆಸರು.
ತೆಂಕಿನಿಂದ ಬಡಗಿಗೆ, ರೈಲಿನ ಕಿಟಕಿಗೆ ಸಿಗುವ ಕ್ರಮದಲ್ಲೇ:
ಚಂದ್ರಗಿರಿ, ಮೊಗ್ರಾಲು, ಶಿರಿಯ, ಉಪ್ಪಳ.
ಹೆಸರಿಟ್ಟ ಮಣಿಯಾಣಿಯವರು ಪೆನ್ಶನ್ನಿಗೆ ಹೋಗುವ ದಿನ
ಪಾಸ್‌ವರ್ಡುಗಳ ಜೊತೆ ಒಂದು ಮಾತನ್ನೂ ಕೊಟ್ಟು ಹೋದರು:
"ಅಕ್ಕಪಕ್ಕ ಕೂತಿದ್ದಾವೆ ಅಂತ
ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಕೇಳ್ತದೆ
ಅಂದ್ಕೊಳ್ಬೇಡ ಮಾರಾಯ್ತಿ."

ಅಂದುಕೊಂಡಿದ್ದೆ.

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಸಹಕಾರಿ ಬ್ಯಾಂಕಿನ ಮೇಲಿನ ಮಾಳಿಗೆ,
ಮೊದಲು ಅಡವಿನ ಚಿನ್ನ ಇಡುತ್ತಿದ್ದ ಕೋಣೆ.
ಕಬ್ಬಿಣದ ಬಾಗಿಲು ಹಾಗೇ ಉಂಟು.
ಒಳಗೆ ಮೇ ತಿಂಗಳಲ್ಲೂ ಚಳಿ,
ಶಾಲು ಹೊದ್ದು ಕೂತವಳನ್ನು ಕಂಡು
ಚಹಾ ತರುವ ಹುಡುಗ ಜ್ವರವೋ ಎಂದು ಕೇಳುತ್ತಾನೆ.

ಬದಿಯಡ್ಕ ಶಾಖೆಯಿಂದ ಜೈನಾಬಿಯ ಫೋನು.
"ಇಲ್ಲೊಬ್ಬರು ಅಜ್ಜಿ, ದೇಯಿ ಅಂತ.
ಪಾಸ್‌ಬುಕ್ಕಿನಲ್ಲಿ ಹೆಸರಿನ ಜಾಗಕ್ಕೆ ಕೊಕ್ಕೆ ಬಿದ್ದಿದೆ."
ಎಂಥ ಕೊಕ್ಕೆ?
"ಪ್ರಶ್ನೆ ಕೇಳುವ ಕೊಕ್ಕೆ. ನಾಲ್ಕು."
ಹಣ?
"ಹಣ ಸರಿ ಉಂಟು. ಹನ್ನೊಂದು ಸಾವಿರದ ನಾನೂರು.
ಯಾರದ್ದು ಅಂತ ಮಾತ್ರ ಇಲ್ಲ."

ಎರಡಕ್ಷರದ ಹೆಸರಿಗೆ ನಾಲ್ಕು ಕೊಕ್ಕೆ ಯಾಕೆಂದು ನನಗೆ ಗೊತ್ತು:
ದಕಾರಕ್ಕೊಂದು, ಏತ್ವಕ್ಕೊಂದು,
ಯಕಾರಕ್ಕೊಂದು, ಗುಡಿಸಿಗೊಂದು.
ಯಂತ್ರ ಕಾಗುಣಿತವನ್ನು ಬಿಡಿಸಿ ಎಣಿಸಿದೆ,
ಓದಲು ಮಾತ್ರ ಬಂದಿಲ್ಲ.

ಮತ್ತೆ ಹೊಡೆಸಿದೆ. ದೇಯಿ.
ಮತ್ತೆ. ದೇಯಿ.
ಮತ್ತೆ. ದೇಯಿ.
ನಾಲ್ಕನೇ ಸಲ ಕೊಕ್ಕೆ.

ಕಣ್ಣೂರಿನಿಂದ ಸಜೀವನ್ ಸಾರ್ ಹೇಳಿದರು:
"ಅದು ನಿಮ್ಮ ಕನ್ನಡದ ತಕರಾರು."
ಈ ಊರಲ್ಲಿ ಹುಟ್ಟಿದವಳಿಗೆ ಆ ವಾಕ್ಯ ಹೊಸದಲ್ಲ.
ಅರ್ಜಿ ಫಾರಮ್ಮಿನಲ್ಲಿ, ಆಸ್ಪತ್ರೆಯ ಬೋರ್ಡಿನಲ್ಲಿ,
ಅಪ್ಪನ ಜಾಗದ ಪಟ್ಟೆಯಲ್ಲಿ ಕೇಳಿದ್ದೇನೆ.
ವಾದಕ್ಕೆ ಇಳಿಯಲಿಲ್ಲ.
ನೀಲೇಶ್ವರ ಶಾಖೆಯಿಂದ ಒಂದು ಮಲಯಾಳದ ಹೆಸರು ತರಿಸಿ
ನಾಲ್ಕು ಸಲ ಹೊಡೆಸಿದೆ.
ನಾಲ್ಕನೆಯದರ ಫೋಟೋ ಕಳಿಸಿದೆ.
ಅತ್ತ ಕಡೆ ತುಂಬ ಹೊತ್ತು ಉಸಿರಷ್ಟೇ.
ಆಮೇಲೆ, "ರಾತ್ರಿ ಎಷ್ಟು ಗಂಟೆಗೆ ಮಾಡುತ್ತೀ?"

ಕನೆಕ್ಟರೆಂದರೆ ದೊಡ್ಡದೇನಲ್ಲ.
ಯಾರ ಮನೆಗೆ ಹೋಗಬೇಕು, ಯಾವ ಬಾಗಿಲು ತಟ್ಟಬೇಕು,
ಒಳಗಿನಿಂದ ಯಾರೆಂದು ಕೇಳಿದರೆ ಏನು ಹೇಳಬೇಕು,
ಕೊಟ್ಟ ಅಕ್ಷರವನ್ನು ಯಾವ ಲೆಕ್ಕದಲ್ಲಿ ಓದಬೇಕು.
ಈ ಕೊನೆಯದೊಂದು ಸಾಲು
ಚಂದ್ರಗಿರಿಯಲ್ಲಿ ಇತ್ತು. ಮೊಗ್ರಾಲಿನಲ್ಲಿ ಇತ್ತು. ಶಿರಿಯದಲ್ಲಿ ಇತ್ತು.

ಡ್ರಾಯರಿನಿಂದ ಮಾರ್ಚಿ ಕೊನೆಯ ಪಟ್ಟಿ ತೆಗೆದೆ.
ನನ್ನದೇ ಕೈಬರಹ.
ಮೂರು ಹೆಸರಿನೆದುರು ಗೀಟು,
ನಾಲ್ಕನೆಯದರೆದುರು ಚಹಾದ ಕಲೆ.

ರಾತ್ರಿ ಹನ್ನೊಂದೂವರೆಗೆ ಉಪ್ಪಳವನ್ನು ಸಾಲಿನಿಂದ ಬಿಡಿಸಿದೆ.
ಮೂರು ಹೊಳೆ ಭಾರ ಹೊತ್ತವು, ಫ್ಯಾನುಗಳ ಸದ್ದು ಏರಿತು.
ಆ ಸಾಲು ಬರೆದೆ. ಬರೆದದ್ದನ್ನು
ಶಿರಿಯದ ಸಾಲಿನ ಪಕ್ಕ ಇಟ್ಟು, ಬೆರಳಿಟ್ಟು ಓದಿದೆ,
ಒಂದನೇ ಕ್ಲಾಸಿನವರ ಹಾಗೆ.
ಮಲಗಿಸಿದೆ, ಎಬ್ಬಿಸಿದೆ.
ಅದು ಕಣ್ಣು ಬಿಡುವವರೆಗೆ ಏನೂ ಮುಟ್ಟಬಾರದು,
ಇನ್ನೊಂದನ್ನು ಮಲಗಿಸಲೂ ಬಾರದು.
ಹತ್ತು ನಿಮಿಷ. ಮೀನು ಲಾರಿಯೊಂದು ಹೆದ್ದಾರಿಯಲ್ಲಿ ಹೋಯಿತು.

ಎರಡು ತಿಂಗಳ ಲಾಗ್ ತಿರುವಿ ನೋಡಿದ್ದೆ.
ಒಂದೇ ಒಂದು ತಪ್ಪು ದಾಖಲಾಗಿರಲಿಲ್ಲ.
ಎಲ್ಲ ಹಸಿರು. ಎಲ್ಲ ಯಶಸ್ವಿ.
ಸಾವಿರಾರು ಜನ ಕೊಕ್ಕೆಗಳನ್ನು ಮಡಚಿ
ಚೀಲಕ್ಕೆ ಹಾಕಿಕೊಂಡು ಹೋಗಿರಬೇಕು.

ಮರುದಿನ ಜೈನಾಬಿ ಹೇಳಿದಳು,
ದೇಯಿಗೆ ಓದು ಬರುವುದಿಲ್ಲ.
ಕೌಂಟರಿನಿಂದ ಮೆಟ್ಟಿಲವರೆಗೆ ಹೋಗಿ, ಪುಸ್ತಕ ಬಿಡಿಸಿ,
ದೂರ ಹಿಡಿದು, ಹತ್ತಿರ ಹಿಡಿದು, ವಾಪಸು ಬಂದರಂತೆ.
"ಎನ್ನ ಪುದರ್ ಇಂಚ ಅತ್ತ್."
ನನ್ನ ಹೆಸರು ಹೀಗಲ್ಲ.
ಮತ್ತೆ ಹೇಗೆ ಅಂತ ಜೈನಾಬಿ ಕೇಳಿದ್ದಕ್ಕೆ
ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ
ಒಂದು ಸುತ್ತು, ಮೇಲೊಂದು ಬಾಲ,
ಇನ್ನೊಂದು ಸುತ್ತು, ತಲೆಗೊಂದು ಗುಂಡಿ
ಬರೆದು ತೋರಿಸಿದರಂತೆ.

ಗಾಜು ಒರೆಸಿಲ್ಲ ಎಂದಳು.